ಬೇಟೆಯ ಕೋವಿಯ ಆಯ್ಕೆ ಮತ್ತು ಸಮಾರಂಭ ಹಿಂಸೆ

ಇಂದಿನ ಕನ್ನಡದಲ್ಲಿ ‘ಸಮಾರಂಭ’ ಎಂದರೆ ಮದುವೆ, ಸನ್ಮಾನ, ಪ್ರತಿಷ್ಠೆಗಳ ಸಡಗರ. ಶಾಸ್ತ್ರದ ಪರಿಭಾಷೆಯಲ್ಲಿ ಅದರ ಅರ್ಥ ಬೇರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವವನ್ನು ವಿವರಿಸುವಾಗ, ಜೀವನು ಒಂದು ಕಾರ್ಯಕ್ಕೆ ತೊಡಗುವ ಬಗೆಯನ್ನು ಮೂರು ಮೆಟ್ಟಿಲುಗಳಾಗಿ ಬೇರ್ಪಡಿಸಿ ತೋರಿಸಿದ್ದಾರೆ. ಮಾಡಬೇಕೆಂಬ ಸಂಕಲ್ಪ ಹುಟ್ಟುವುದು ಸಂರಂಭ. ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸಿಕೊಳ್ಳುವುದು ಸಮಾರಂಭ. ಕಾರ್ಯಕ್ಕೆ ಕೈಹಚ್ಚುವುದು ಆರಂಭ. ಈ ಮೂರರಲ್ಲಿ ಮೊದಲನೆಯದು ಮನಸ್ಸಿನ ವ್ಯಾಪಾರವೆಂದೂ ಕೊನೆಯದು ಕೈಯ ವ್ಯಾಪಾರವೆಂದೂ ಎಲ್ಲರೂ ಸುಲಭವಾಗಿ ತಿಳಿಯುತ್ತಾರೆ. ನಡುವಿನ ಮೆಟ್ಟಿಲಿನ ಕಡೆಗೆ ಸಾಮಾನ್ಯವಾಗಿ ಯಾರ ಗಮನವೂ ಹೋಗುವುದಿಲ್ಲ. ಅಲ್ಲಿ ಪ್ರಾಣಿ ಸಾಯುವುದಿಲ್ಲ, ರಕ್ತ ಕಾಣುವುದಿಲ್ಲ, ಕ್ರೋಧವೂ ಕಾಣುವುದಿಲ್ಲ. ಅಂಗಡಿಯೊಂದರಲ್ಲಿ ಒಬ್ಬ ಸಭ್ಯ ಗೃಹಸ್ಥನು ನಿಂತು ಒಂದು ವಸ್ತುವನ್ನು ತಿರುಗಿಸಿ ನೋಡುತ್ತಿರುತ್ತಾನೆ, ಬೆಲೆ ಕೇಳುತ್ತಿರುತ್ತಾನೆ, ಅಷ್ಟೆ.

ಆ ವಸ್ತು ಬೇಟೆಯ ರೈಫಲ್ ಆಗಿದ್ದಾಗ ಅವನು ನಿಂತಿರುವುದು ಯಾವ ಮೆಟ್ಟಿಲಿನ ಮೇಲೆ, ಮತ್ತು ಎಚ್ಚರಿಕೆಯಿಂದ, ಕರುಣೆಯ ಮಾತನ್ನೂ ಆಡುತ್ತ ಆರಿಸಿಕೊಂಡರೆ ಅವನ ಪಾಪ ಕಡಿಮೆಯಾಗುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆಯ ವಿನೋದಕ್ಕೆ ಅವಕಾಶವಿಲ್ಲದ ಕಾರಣ ಈ ಪ್ರಶ್ನೆ ಇಲ್ಲಿ ಹಳತಾಯಿತೆಂದು ಕೆಲವರು ಭಾವಿಸಬಹುದು. ಆದರೆ ಅಮೆರಿಕ, ಯೂರೋಪು, ಆಫ್ರಿಕದ ಹಲವು ದೇಶಗಳಲ್ಲಿ ಬೇಟೆ ಕಾನೂನುಬದ್ಧವಾದ ಋತುಚರ್ಯೆಯಾಗಿದೆ. ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ಜಿಂಕೆಯ ಬೇಟೆ ಮೊದಲಾಗುವ ಹೊತ್ತಿಗೆ ಹಲವು ಶಾಲೆಗಳಿಗೆ ರಜೆ ಕೊಡುವ ರೂಢಿಯೇ ಇದೆ. ಜೈನ ಮನೆತನಗಳ ಮಕ್ಕಳು ಇಂದು ಅಂತಹ ಊರುಗಳಲ್ಲಿ ನೆಲೆಸಿ ದುಡಿಯುತ್ತಿದ್ದಾರೆ. ಅವರ ನೆರೆಯವರೂ ಸಹೋದ್ಯೋಗಿಗಳೂ ಬೇಟೆಯಾಡುವವರು. ಆ ಜನ ಕಟುಕರೂ ಅಲ್ಲ, ಕ್ರೂರಿಗಳೂ ಅಲ್ಲ. ಅವರು ಕೋವಿಯನ್ನು ಆರಿಸುವಾಗ ತೋರುವ ವಿವೇಕವನ್ನು ಮೊದಲು ತಿಳಿದುಕೊಂಡು ಅನಂತರ ತೀರ್ಪು ಹೇಳುವುದು ನ್ಯಾಯ. ಅನೇಕಾಂತವನ್ನು ಒಪ್ಪಿದವರು ಎದುರುಪಕ್ಷದ ಮಾತನ್ನು ಅರ್ಧಕ್ಕೇ ತಡೆಯಬಾರದು.

ಬೇಟೆಗಾರರಲ್ಲಿ ಒಂದು ವರ್ಗ ಹೊಸ ತೋಟಾಗಳನ್ನು ಬಿಟ್ಟು ಹಳೆಯ ತೋಟಾಗಳನ್ನೇ ಬಯಸುತ್ತದೆ. ಬ್ರಿಟಿಷ್ ಸೈನ್ಯ 1888ರಲ್ಲಿ ಸ್ವೀಕರಿಸಿದ .303, ಜರ್ಮನಿಯ ಮೌಸರ್ ಸಂಸ್ಥೆಯಲ್ಲಿ 1892ರ ಸುಮಾರಿಗೆ ರೂಪುಗೊಂಡ 7×57, ಅಮೆರಿಕದ ವಿಂಚೆಸ್ಟರ್ ಸಂಸ್ಥೆ 1895ರಲ್ಲಿ ಹೊರತಂದ .30-30, ಅಮೆರಿಕದ ಸೈನ್ಯ 1906ರಲ್ಲಿ ಬಳಕೆಗೆ ತಂದ .30-06, ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯ 1912ರ .375 ಮೊದಲಾದವು ಈ ಪರಂಪರೆಯವು. ನೂರು ವರ್ಷ ಕಳೆದರೂ ಇವಕ್ಕೆ ಇಂದಿಗೂ ಹೊಸ ರೈಫಲ್ಲುಗಳೂ ಹೊಸ ಗುಂಡುಗಳೂ ತಯಾರಾಗುತ್ತಿವೆ. ವ್ಯಾಪಾರದಲ್ಲಿ ಇಷ್ಟು ದೀರ್ಘಾಯುಷ್ಯವುಳ್ಳ ಸರಕು ಅಪರೂಪ.

ಇವುಗಳ ಸಂಖ್ಯೆಗಳ ಹಿಂದೆ ಕೆಲವೊಮ್ಮೆ ಭಾರತದ ಚರಿತ್ರೆಯೂ ಅಡಗಿದೆ. ದಂಗೆಕೋರರ ಕೈಯಲ್ಲಿದ್ದ ಹಳೆಯ ಸೈನಿಕ ಬಂದೂಕುಗಳಿಗೆ ಉಪಯೋಗವಾದೀತೆಂಬ ಭಯದಿಂದ ಬ್ರಿಟಿಷ್ ಸರ್ಕಾರ .450 ಗಾತ್ರದ ತೋಟಾಗಳು ಭಾರತಕ್ಕೂ ಸುಡಾನಿಗೂ ಬರುವುದನ್ನು 1907ರಲ್ಲಿ ನಿಷೇಧಿಸಿತು. ಲಂಡನ್ನಿನ ತಯಾರಕರು ಬೇಟೆಗಾರರಿಗಾಗಿ .465, .470, .475 ಎಂಬ ಗಾತ್ರಗಳ ತೋಟಾಗಳನ್ನು ಮಾರುಕಟ್ಟೆಗೆ ತಂದರು. ಕಾಯಿದೆ ಒಂದು ಸಂಖ್ಯೆಯನ್ನು ನಿಷೇಧಿಸಿತು. ವ್ಯಾಪಾರ ಅಂಗುಲದ ಇಪ್ಪತ್ತು ಸಾವಿರಾಂಶದಷ್ಟು ಪಕ್ಕಕ್ಕೆ ಸರಿದು ನಿಂತಿತು. ಆನೆಗಳಿಗೂ ಕಾಟಿಗಳಿಗೂ ಇದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ.

ಹಳೆಯ ತೋಟಾವನ್ನು ಆರಿಸುವವನು ಹೇಳುವ ಮುಖ್ಯ ಕಾರಣ ಹಿಂದೊದೆತ. ಗುಂಡು ಮುಂದಕ್ಕೆ ಹೋಗುವ ರಭಸಕ್ಕೆ ತಕ್ಕಂತೆ ಕೋವಿ ಭುಜಕ್ಕೆ ಒದೆಯುತ್ತದೆ. 1963ರಲ್ಲಿ ಬಂದ .300 ವಿಂಚೆಸ್ಟರ್ ಮ್ಯಾಗ್ನಂ ಎಂಬ ತೋಟಾದ ಒದೆತ .30-30ರ ಒದೆತದ ಎರಡು ಪಟ್ಟನ್ನೂ ಮೀರುತ್ತದೆ. ಒದೆತಕ್ಕೆ ಹೆದರಿದವನು ಟ್ರಿಗರ್ ಎಳೆಯುವ ಕ್ಷಣದಲ್ಲಿ ತನಗರಿವಿಲ್ಲದೆ ಕಣ್ಣು ಮುಚ್ಚುತ್ತಾನೆ, ಮೈ ಬಿಗಿಹಿಡಿಯುತ್ತಾನೆ. ಗುಂಡು ಹೃದಯಕ್ಕೆ ತಗಲುವ ಬದಲು ಹೊಟ್ಟೆಗೋ ತೊಡೆಗೋ ತಗಲುತ್ತದೆ. ಜಿಂಕೆ ಗಾಯಗೊಂಡು ಓಡಿ ಪೊದೆಯಲ್ಲಿ ದಿನಗಟ್ಟಲೆ ನರಳಿ ಸಾಯುತ್ತದೆ. ಆದ್ದರಿಂದ ತನ್ನ ಭುಜ ಸಹಿಸಬಲ್ಲಷ್ಟೇ ಶಕ್ತಿಯುಳ್ಳ, ಆದರೆ ಪ್ರಾಣಿಯನ್ನು ಒಂದೇ ಗುಂಡಿಗೆ ಕೆಡವಲು ಸಾಲುವಷ್ಟು ಶಕ್ತಿಯುಳ್ಳ ತೋಟಾವನ್ನು ಆರಿಸಬೇಕೆಂಬುದು ಅವರ ನಿಯಮ. .30-30ರ ಗುಂಡು ಸೆಕೆಂಡಿಗೆ ಸುಮಾರು 2,400 ಅಡಿಯ ವೇಗದಲ್ಲಿ ಹೊರಡುತ್ತದೆ. ಅದರ ರೈಫಲ್ಲುಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯೊಳಗೆ ಒಂದರ ಹಿಂದೊಂದು ಕೂರುವುದರಿಂದ, ಮುಂದಿನ ತೋಟಾದ ಕಿಡಿಬಿಲ್ಲೆಗೆ ಚುಚ್ಚದಿರಲೆಂದು ಗುಂಡಿನ ಮೂತಿಯನ್ನು ಚಪ್ಪಟೆಯಾಗಿ ಮಾಡುತ್ತಾರೆ. ಚಪ್ಪಟೆ ಮೂತಿಯ ಗುಂಡು ಗಾಳಿಯಲ್ಲಿ ಬೇಗನೆ ವೇಗ ಕಳೆದುಕೊಳ್ಳುತ್ತದೆ. ಆ ಕಾರಣದಿಂದ ವಿವೇಕಿಯಾದ ಬೇಟೆಗಾರ ಅದರಿಂದ ಸುಮಾರು 150 ಗಜದಾಚೆಗೆ ಗುಂಡು ಹಾರಿಸಲು ಹಿಂಜರಿಯುತ್ತಾನೆ. ದೂರದ ಜಿಂಕೆಯನ್ನು ಕಂಡರೂ ಸುಮ್ಮನೆ ಬಿಡುತ್ತಾನೆ, ಇಲ್ಲವೇ ತೆವಳಿಕೊಂಡು ಹತ್ತಿರ ಹೋಗುತ್ತಾನೆ. ಹಳೆಯ ಸಾಧನವೇ ತನಗೆ ಸಂಯಮವನ್ನು ಕಲಿಸುತ್ತದೆಂದು ಅವನ ನಂಬಿಕೆ.

ನೂರು ವರ್ಷದ ಹಳೆಯ ಕೋವಿಯನ್ನೇ ಕೊಳ್ಳುವುದಾದರೆ ಪರೀಕ್ಷೆ ಇನ್ನೂ ಹೆಚ್ಚು. ನಳಿಗೆಯೊಳಗೆ ತುಕ್ಕಿನ ಕುಳಿ ಬಿದ್ದಿದೆಯೇ, ತೋಟಾ ಕೂರುವ ಗೂಡು ಸವೆದು ಸಡಿಲವಾಗಿದೆಯೇ ಎಂದು ಕುಶಲ ಕಮ್ಮಾರನಿಂದ ಅಳೆಸಬೇಕು. 1890ರ ದಶಕದ ಮೌಸರ್‌ಗಳ ಉಕ್ಕು ಇಂದಿನ ಮದ್ದಿನ ಒತ್ತಡವನ್ನು ತಾಳದು. ಅದಕ್ಕಾಗಿಯೇ ಅಮೆರಿಕದ ಕಾರ್ಖಾನೆಗಳು 7×57 ತೋಟಾಗಳಲ್ಲಿ ಒತ್ತಡವನ್ನು ಇಂದಿಗೂ ಕಡಿಮೆಯಾಗಿಯೇ ಇರಿಸುತ್ತವೆ.

ಈ ಎಚ್ಚರಿಕೆಯನ್ನು ಹಗುರವಾಗಿ ನೋಡುವಂತಿಲ್ಲ. ಕುಮಾವೂನಿನ ಚಂಪಾವತದ ಹೆಣ್ಣು ಹುಲಿ ಇದಕ್ಕೆ ಸಾಕ್ಷಿ. ನೇಪಾಳದಲ್ಲಿಯೂ ಕುಮಾವೂನಿನಲ್ಲಿಯೂ ಸೇರಿ ಅದು ಕೊಂದ ಮನುಷ್ಯರ ಸಂಖ್ಯೆ 436 ಎಂದು ಜಿಮ್ ಕಾರ್ಬೆಟ್ ದಾಖಲಿಸಿದ್ದಾರೆ. 1907ರಲ್ಲಿ ಅದನ್ನು ಕೊಂದ ಮೇಲೆ ಬಾಯಿ ತೆರೆದು ನೋಡಿದಾಗ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು. ಯಾರೋ ಎಂದೋ ಹಾರಿಸಿದ ಗುಂಡಿನ ಗಾಯವದು. ಸಹಜವಾದ ಬೇಟೆಗೆ ಶಕ್ತಿಗುಂದಿದ್ದರಿಂದಲೇ ಅದು ನರಭಕ್ಷಕವಾಯಿತೆಂದು ಕಾರ್ಬೆಟ್ ತೀರ್ಮಾನಿಸಿದರು. ಆ ಅಜ್ಞಾತ ಬೇಟೆಗಾರ ಗುರಿ ತಪ್ಪಿ ಮನೆಗೆ ಹೋಗಿ ಊಟ ಮಾಡಿ ಮಲಗಿರಬೇಕು. ಅವನ ಪ್ರಮಾದದ ಫಲವನ್ನು ಹುಲ್ಲು ಕೊಯ್ಯಲು ಹೋದ ಹೆಂಗಸರು ಉಂಡರು. ಒಂದು ಕರ್ಮದ ಸರಪಳಿ ಎಲ್ಲಿಯವರೆಗೆ ಚಾಚುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೌಕಿಕ ದೃಷ್ಟಾಂತ ಸಿಗುವುದು ಕಷ್ಟ. ತಪ್ಪಾದ ತೋಟಾವನ್ನಾಗಲಿ ನಡುಗುವ ಕೈಯನ್ನಾಗಲಿ ಕಾಡಿಗೆ ಒಯ್ಯಬಾರದೆಂಬ ಬೇಟೆಗಾರನ ನಿಯಮದಲ್ಲಿ, ಹಾಗಾದರೆ, ಸತ್ಯಾಂಶವಿದೆ.

ಹಾಗಿದ್ದಲ್ಲಿ ತೊಡಕೊಂದು ಎದ್ದುಬರುತ್ತದೆ. ಪ್ರಮಾದದಿಂದ ಪ್ರಾಣವನ್ನು ನೀಗಿಸುವುದೇ ಹಿಂಸೆ ಎಂಬುದು ಸೂತ್ರಕಾರರ ಲಕ್ಷಣ. ಬೇಟೆಗಾರ ಭುಜದ ಒದೆತವನ್ನೂ ಗಜಗಳ ಲೆಕ್ಕವನ್ನೂ ಗುಂಡಿನ ಮೂತಿಯನ್ನೂ ಅಳೆದು ತೂಗಿ ನಡೆಯುತ್ತಾನೆ, ಅವನಲ್ಲಿ ಪ್ರಮಾದವೆಲ್ಲಿದೆ? ಅಜಾಗರೂಕನಾಗಿ ದಾರಿ ನಡೆಯುವ ಶ್ರಾವಕನಿಗಿಂತ ಅವನೇ ಹೆಚ್ಚು ಅಪ್ರಮತ್ತನಲ್ಲವೇ? ಚರ್ಚಾಪ್ರಿಯರಾದ ತರುಣರು ಕೇಳಬಹುದಾದ ಈ ಪ್ರಶ್ನೆಗೆ ಗದರಿಕೆಯ ಉತ್ತರ ಸಾಲದು.

ಪ್ರಮಾದವೆಂಬ ಪದಕ್ಕೆ ಲೋಕದಲ್ಲಿ ಅಜಾಗರೂಕತೆ ಎಂದಷ್ಟೇ ಅರ್ಥ. ಶಾಸ್ತ್ರದಲ್ಲಿ ಅದು ಕಷಾಯದಿಂದ ಕೂಡಿದ ಪ್ರವೃತ್ತಿ. ಕೈ ಎಷ್ಟೇ ಸ್ಥಿರವಾಗಿರಲಿ, ಕೊಲ್ಲಬೇಕೆಂಬ ಇಚ್ಛೆ ಅದರ ಹಿಂದಿದ್ದರೆ ಆ ಸ್ಥೈರ್ಯವೂ ಪ್ರಮಾದದ ಸೇವಕನೇ. ಸೋಮದೇವ ಸೂರಿಗಳು ಹತ್ತನೆಯ ಶತಮಾನದಲ್ಲಿ ರಚಿಸಿದ ಯಶಸ್ತಿಲಕದ ಉಪಾಸಕಾಧ್ಯಯನದಲ್ಲಿ ಬೆಸ್ತ ಮತ್ತು ಒಕ್ಕಲಿಗರ ಹೋಲಿಕೆ ಬರುತ್ತದೆ. ದಿನವಿಡೀ ಬಲೆ ಬೀಸಿ ಒಂದು ಮೀನೂ ಸಿಗದೆ ಬರಿಗೈಯಲ್ಲಿ ಮರಳಿದ ಬೆಸ್ತನಿಗೆ ಹಿಂಸೆಯ ಬಂಧವುಂಟು. ಉಳುವಾಗ ನೇಗಿಲಿಗೆ ಸಿಕ್ಕಿ ಎಷ್ಟೋ ಜೀವಗಳು ಸತ್ತರೂ ಒಕ್ಕಲಿಗನಿಗೆ ಅದೇ ಬಗೆಯ ಬಂಧವಿಲ್ಲ. ಅಭಿಪ್ರಾಯ ಎತ್ತ ಕಡೆಗಿದೆ ಎಂಬುದೇ ಅಲ್ಲಿ ನಿರ್ಣಾಯಕ. ಬಲೆಯ ಕಣ್ಣುಗಳನ್ನು ಬೆಸ್ತನು ಬಹಳ ಜಾಣತನದಿಂದ ಹೆಣೆದಿದ್ದಾನೆಂಬುದು ಅವನ ಪರವಾದ ವಾದವಾಗಲಾರದು.

ಒಂದೇ ತೋಟಾದ ಚರಿತ್ರೆಯನ್ನು ಗಮನಿಸಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಮೇಲೆ ಹೇಳಿದ 7×57 ಮೌಸರ್ ತೋಟಾಕ್ಕೆ ಲಂಡನ್ನಿನ ರಿಗ್ಬಿ ಸಂಸ್ಥೆ .275 ಎಂದು ಇಂಗ್ಲಿಷ್ ಹೆಸರಿಟ್ಟಿತು. 1899ರಿಂದ 1902ರವರೆಗಿನ ದಕ್ಷಿಣ ಆಫ್ರಿಕದ ಯುದ್ಧದಲ್ಲಿ ಬೋಯರ್ ರೈತರು ತಮ್ಮ ನೆಲದ ರಕ್ಷಣೆಗೆಂದು ಹಿಡಿದದ್ದು ಈ ತೋಟಾದ ಮೌಸರ್‌ಗಳನ್ನೇ. ಚಂಪಾವತದ ಹುಲಿಯನ್ನು ಕೊಂದುದಕ್ಕಾಗಿ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂಯೆಟ್ ಅವರು ಕಾರ್ಬೆಟ್ಟರಿಗೆ ಬಹುಮಾನವಾಗಿ ಕೊಟ್ಟದ್ದು ಇದೇ .275 ರೈಫಲ್. ಅದೇ ತೋಟಾವನ್ನು ಹಿಡಿದು ಡಬ್ಲ್ಯು. ಡಿ. ಎಂ. ಬೆಲ್ ಎಂಬ ಸ್ಕಾಟ್ಲೆಂಡಿನವನು ಆಫ್ರಿಕದಲ್ಲಿ ದಂತಕ್ಕಾಗಿ ಆನೆಗಳನ್ನು ಕೊಂದನು. ಅವನು ಕೊಂದ ಆನೆಗಳು ಒಟ್ಟು ಸಾವಿರಕ್ಕೂ ಮಿಕ್ಕಿದ್ದು, ಬಹುಪಾಲಿಗೆ ಬಳಸಿದ್ದು ಈ ಸಣ್ಣ ಗುಂಡನ್ನೇ. ಆನೆಯ ತಲೆಬುರುಡೆಯನ್ನು ಸೀಳಿ ಮಿದುಳು ಎಲ್ಲಿದೆಯೆಂದು ಅವನು ಅಭ್ಯಾಸ ಮಾಡಿದ್ದನು. ಎಚ್ಚರಿಕೆಯಲ್ಲಿ, ಕೌಶಲದಲ್ಲಿ, ಪ್ರಾಣಿ ನರಳದಂತೆ ಕೊಲ್ಲುವುದರಲ್ಲಿ ಅವನನ್ನು ಮೀರಿಸಿದವರು ಕಡಿಮೆ. ಕಾರ್ಬೆಟ್ಟರು ಹಳ್ಳಿಗರ ಕರೆಗೆ ಓಗೊಟ್ಟು ಹೋದರು. ಬೆಲ್ ದಂತದ ಪೇಟೆಯ ಧಾರಣೆ ನೋಡಿ ಹೋದನು. ಪುದ್ಗಲ ಒಂದೇ, ಅದರ ವೇಗ ಒಂದೇ, ತೂಕವೂ ಹೆಚ್ಚುಕಡಿಮೆ ಒಂದೇ. ಹೀಗಿರುವಾಗ ತೋಟಾದ ಗುಣದೋಷದಲ್ಲಿ ಧರ್ಮಾಧರ್ಮವನ್ನು ಹುಡುಕುವುದು ತಕ್ಕಡಿಯಲ್ಲಿ ಪರಿಮಳವನ್ನು ತೂಗಿದಂತೆ.

ಸಂರಂಭಾದಿ ಮೂರನ್ನು ಮನ ವಚನ ಕಾಯಗಳೆಂಬ ಮೂರರಿಂದಲೂ, ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಎಂಬ ಮೂರರಿಂದಲೂ, ಕ್ರೋಧ ಮಾನ ಮಾಯಾ ಲೋಭಗಳೆಂಬ ನಾಲ್ಕರಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ಜಪಮಾಲೆಯ ಮಣಿಗಳ ಲೆಕ್ಕಕ್ಕೆ ಇದನ್ನೇ ಕಾರಣವಾಗಿ ಹೇಳುವವರಿದ್ದಾರೆ. ವರ್ತಕರ ಮನೆಯ ಮಕ್ಕಳಿಗೆ ಗುಣಾಕಾರವನ್ನು ವಿವರಿಸಬೇಕಾಗಿಲ್ಲ. ಆದರೆ ಈ 108 ಮನೆಗಳಲ್ಲಿ ಕೋವಿಯ ಅಂಗಡಿಯಲ್ಲಿ ನಿಂತವನು ಯಾವ ಮನೆಯಲ್ಲಿದ್ದಾನೆಂದು ಹುಡುಕುವುದು ಉಪಯುಕ್ತವಾದ ಅಭ್ಯಾಸ. ಭುಜ ನೋಯಿಸುವ ಮ್ಯಾಗ್ನಂ ತೋಟಾವನ್ನು ಗೆಳೆಯರ ಮುಂದೆ ಮೆರೆಯಲು ಕೊಳ್ಳುವವನಲ್ಲಿ ಕೆಲಸ ಮಾಡುವುದು ಮಾನ. ಹಳೆಯ ತೋಟಾವನ್ನು ಆರಿಸುವವನು ಆ ಮಾನವನ್ನು ಗೆದ್ದಿದ್ದಾನೆಂಬುದು ನಿಜ. ಆದರೆ ಕಷಾಯವು ಒಂದು ಬಾಗಿಲಿನಿಂದ ಹೊರಗಟ್ಟಿದರೆ ಇನ್ನೊಂದರಿಂದ ಒಳಬರುತ್ತದೆ. ಆಕ್ರೋಟದ ಮರದ ಹಿಡಿಯ ನಯ, ಉಕ್ಕಿನ ಮೇಲಿನ ಕೆತ್ತನೆ, ಇದು ಕಾರ್ಬೆಟ್ಟರು ಹಿಡಿದ ಗಾತ್ರವೆಂಬ ಹೆಮ್ಮೆ, ಇವುಗಳಲ್ಲಿ ರಾಗವೂ ಲೋಭವೂ ಮೆತ್ತಗೆ ಬಂದು ಕೂರುತ್ತವೆ. ಕಾರ್ಬೆಟ್ಟರ ಆ ರೈಫಲ್ಲನ್ನು ರಿಗ್ಬಿ ಸಂಸ್ಥೆ 2015ರಲ್ಲಿ ಮರಳಿ ಕೊಂಡು ತನ್ನ ಹೆಮ್ಮೆಯ ವಸ್ತುವಾಗಿ ಇರಿಸಿಕೊಂಡಿತು. ಕೊಲ್ಲುವ ಸಾಧನ ಸುಂದರವಾದಷ್ಟೂ ಅದರ ಉದ್ದೇಶ ಕಣ್ಣಿಗೆ ಮರೆಯಾಗುತ್ತದೆ. ಶ್ರಾವಕಾಚಾರದ ಗ್ರಂಥಗಳು ಬೇಟೆಯನ್ನು ಹಿಂಸೆಯ ಪ್ರಕರಣದಲ್ಲಿ ಮಾತ್ರ ಹೇಳಿ ಬಿಡದೆ ಜೂಜು, ಮದ್ಯಗಳ ಜೊತೆಗೆ ಸಪ್ತವ್ಯಸನಗಳಲ್ಲಿಯೂ ಎಣಿಸಿದ್ದು ಏಕೆಂಬುದು ಇಲ್ಲಿ ಅರ್ಥವಾಗುತ್ತದೆ. ವ್ಯಸನಕ್ಕೆ ಸಾಮಗ್ರಿಯ ಮೇಲೆಯೇ ಪ್ರೀತಿ ಹುಟ್ಟುತ್ತದೆ.

ಅನುಮೋದನೆಯ ಮಾತು ಬಂದುದರಿಂದ ಇಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಬೆಂಗಳೂರಿನಲ್ಲಿ ನೆಲೆಸಿ 1974ರಲ್ಲಿ ತೀರಿಕೊಂಡ ಕೆನೆತ್ ಆಂಡರ್ಸನ್ ಅವರ ಬೇಟೆಯ ಕಥನಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಎಂದು ಕನ್ನಡಕ್ಕೆ ತಂದರು. ಆಂಡರ್ಸನ್ನರ .405 ವಿಂಚೆಸ್ಟರ್ ರೈಫಲ್ ಕನ್ನಡದ ಓದುಗರಿಗೂ ಪರಿಚಿತವಾದದ್ದು ಹೀಗೆ. ಜೈನ ಮನೆಗಳ ಮಕ್ಕಳೂ ಆ ಪುಸ್ತಕಗಳನ್ನು ಊಟ ಮರೆತು ಓದಿದ್ದಾರೆ. ಅದು ದುಃಶ್ರುತಿಯೇ? ಹೌದೆಂದು ಆ ಪುಸ್ತಕಗಳನ್ನು ಮನೆಯಿಂದ ಹೊರಹಾಕುವುದು ಅತಿರೇಕವಾದೀತು. ಕಾಡಿನ ಮೌನವನ್ನೂ ಹಳ್ಳಿಗರ ಭಯವನ್ನೂ ಪ್ರಾಣಿಯ ಬುದ್ಧಿಯನ್ನೂ ಅವುಗಳಿಂದ ಕಲಿತವರಿದ್ದಾರೆ. ಗುಂಡು ತಗಲಿದ ಸಾಲನ್ನು ಓದುವಾಗ ಮನಸ್ಸು ಕುಣಿಯಿತೋ ಕಳವಳಿಸಿತೋ ಎಂಬುದನ್ನು ಓದಿದವರೇ ನೋಡಿಕೊಳ್ಳಬೇಕು. ತಂದೆತಾಯಿಗಳು ಅದನ್ನು ಹೊರಗಿನಿಂದ ನಿರ್ಣಯಿಸಲಾರರು.

ವಿದೇಶದಲ್ಲಿರುವ ತರುಣನೊಬ್ಬ ಹೇಳಬಹುದಾದ ಸಮಾಧಾನ ಹೀಗಿರುತ್ತದೆ: ಕೋವಿಯನ್ನು ಕೊಂಡರೂ ಪ್ರಾಣಿಯನ್ನು ಕೊಲ್ಲುವುದಿಲ್ಲ; ಗೆಳೆಯರೊಡನೆ ಹೋಗಿ ಜಿಂಕೆಯ ಚಿತ್ರ ಬರೆದ ಕಾಗದಕ್ಕೆ ಗುರಿಯಿಟ್ಟು ಬರುವುದಷ್ಟೆ. ಈ ಸಮಾಧಾನಕ್ಕೆ ಕನ್ನಡದಲ್ಲಿ ಎಂಟು ಶತಮಾನಗಳಿಂದ ಒಂದು ಉತ್ತರವಿದೆ. ಜನ್ನ ಕವಿಯು 1209ರಲ್ಲಿ ಮುಗಿಸಿದ ಯಶೋಧರ ಚರಿತೆಯಲ್ಲಿ ಅರಸನು ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು, ಜೀವವಿರುವ ಕೋಳಿಯನ್ನು ಕಡಿಯಲೊಲ್ಲದೆ, ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಸತ್ತದ್ದು ಹಿಟ್ಟು, ಆದರೆ ತಾಯಿಯೂ ಮಗನೂ ನವಿಲಾಗಿ, ನಾಯಾಗಿ, ಮತ್ತೂ ಹಲವು ಜನ್ಮಗಳಲ್ಲಿ ಬಂದು ಅದರ ಫಲವನ್ನು ಅನುಭವಿಸಬೇಕಾಯಿತು. ಗುರಿಕಾಗದದ ಮೇಲೆ ಬರಿಯ ವೃತ್ತವಿದ್ದರೆ ಅದು ಕೈಗಣ್ಣಿನ ಹೊಂದಾಣಿಕೆಯ ಆಟ; ಒಲಿಂಪಿಕ್ಸಿನಲ್ಲಿಯೂ ಅದಕ್ಕೆ ಸ್ಥಾನವಿದೆ. ವೃತ್ತದ ಬದಲು ಜಿಂಕೆಯ ಎದೆಯನ್ನು ಬರೆದು, ಅಲ್ಲಿಗೆ ತಗಲಿದಾಗ ಸಂತೋಷಪಡುವುದು ಬೇರೆ. ಎರಡಕ್ಕೂ ನಡುವೆ ಇರುವುದು ಕಾಗದದ ಮೇಲಿನ ನಾಲ್ಕು ಗೆರೆಗಳಷ್ಟೇ, ಆದರೆ ಆ ಗೆರೆಗಳು ಚಿಕ್ಕವಲ್ಲ.

ಬೇಟೆಗಾರನ ಸಂಯಮಕ್ಕೆ ಏನೂ ಬೆಲೆಯಿಲ್ಲವೆಂದು ಇದರ ಅರ್ಥವೇ? ಹಾಗೆನ್ನಲು ಮೃಗಸೇನ ಧೀವರನ ಕಥೆ ಬಿಡುವುದಿಲ್ಲ. ಬಲೆಗೆ ಬಿದ್ದ ಮೊದಲ ಮೀನನ್ನು ಬಿಟ್ಟುಬಿಡುತ್ತೇನೆಂದು ಮುನಿಗಳ ಬಳಿ ವ್ರತ ಹಿಡಿದ ಆ ಬೆಸ್ತನಿಗೆ ಅಂದು ಅದೇ ಮೀನು ಐದು ಸಲ ಸಿಕ್ಕಿತು, ಐದು ಸಲವೂ ಬಿಟ್ಟನು, ಬರಿಗೈಯಲ್ಲಿ ಮನೆಗೆ ಬಂದನು. ಅಷ್ಟರ ಫಲವಾಗಿ ಮುಂದಿನ ಜನ್ಮದಲ್ಲಿ ಐದು ಸಲ ಸಾವಿನಿಂದ ಪಾರಾದನೆಂದು ಪುರಾಣ ಹೇಳುತ್ತದೆ. ಹಿಂಸೆಯಿಂದಲೇ ಬದುಕುವವನ ಒಂದು ಸಣ್ಣ ವಿರತಿಯನ್ನೂ ಆಚಾರ್ಯರು ಲೆಕ್ಕಕ್ಕೆ ತೆಗೆದುಕೊಂಡರು. ದೂರ ಹೆಚ್ಚಾಯಿತೆಂದು ಬೇಟೆಗಾರನು ಬಿಟ್ಟುಬಿಟ್ಟ ಜಿಂಕೆ ಬದುಕಿ ಹೋಗುತ್ತದೆ. ಆ ಬಿಡುವಿಕೆ ಮೃಗಸೇನನ ಬಿಡುವಿಕೆಗೆ ಸಮೀಪದ್ದು. ಬೇಗನೆ ಸಾಯಿಸುವ ತೋಟಾವನ್ನು ಆರಿಸುವುದು ಹಾಗಲ್ಲ. ಅದರಿಂದ ನೋವು ಕಡಿಮೆಯಾಗುತ್ತದೆ, ಮತ್ತು ಕಡಿಮೆಯಾದ ನೋವು ಜಿಂಕೆಯ ಪಾಲಿಗೆ ಅಲ್ಪವಲ್ಲ. ಆದರೆ ಮೃಗಸೇನನ ಮೀನು ನೀರಿಗೆ ಮರಳಿತು. ಈ ಜಿಂಕೆ ಮರಳುವುದಿಲ್ಲ. ಸಾವಿನ ರೀತಿಯನ್ನು ತಿದ್ದಿಕೊಳ್ಳುವುದನ್ನೂ ಸಾವನ್ನು ಬಿಟ್ಟುಕೊಡುವುದನ್ನೂ ಒಂದೇ ಹೆಸರಿನಿಂದ ಸಂಯಮವೆಂದು ಕರೆದರೆ ಲೆಕ್ಕ ತಪ್ಪುತ್ತದೆ.

ಗುಂಡು ಕೋವಿಯಿಂದ ಹೊರಟ ಮೇಲೆ ಅದರ ಹೊಣೆ ಮುಗಿಯುವುದೂ ಇಲ್ಲ. ಬೇಟೆಯ ಗುಂಡುಗಳನ್ನು ಬಹುಕಾಲದಿಂದ ಸೀಸದಿಂದ ಮಾಡುತ್ತ ಬಂದಿದ್ದಾರೆ. ಸೀಸ ಮೃದುವಾದ ಲೋಹ. ಮೈಯೊಳಗೆ ಹೊಕ್ಕೊಡನೆ ಅರಳಿ, ಸೂಕ್ಷ್ಮ ಚೂರುಗಳಾಗಿ ಮಾಂಸದಲ್ಲಿ ಚದುರುತ್ತದೆ. ಬೇಟೆಗಾರನು ಕಾಡಿನಲ್ಲಿಯೇ ಬಿಟ್ಟುಬರುವ ಕರುಳುಗಳನ್ನು ರಣಹದ್ದುಗಳು ತಿಂದು ಸೀಸದ ವಿಷದಿಂದ ಸಾಯುತ್ತವೆ. ಕ್ಯಾಲಿಫೋರ್ನಿಯದ ಕಾಂಡರ್ ಎಂಬ ದೊಡ್ಡ ರಣಹದ್ದು 1982ರ ಹೊತ್ತಿಗೆ 22ಕ್ಕೆ ಇಳಿದಿತ್ತು; 1987ರಲ್ಲಿ ಕಾಡಿನಲ್ಲಿ ಉಳಿದ ಕೊನೆಯದನ್ನೂ ಹಿಡಿದು ಪಂಜರದಲ್ಲಿ ಸಾಕಿ ಸಂತತಿಯನ್ನು ಬೆಳೆಸಬೇಕಾಯಿತು. ಈಗ ಮತ್ತೆ ಕಾಡಿಗೆ ಬಿಟ್ಟ ಹಕ್ಕಿಗಳನ್ನೂ ಸೀಸ ಕೊಲ್ಲುತ್ತಲೇ ಇದೆ. ಆ ಸಂಸ್ಥಾನ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡುಗಳನ್ನು ಪೂರ್ತಿಯಾಗಿ ನಿಷೇಧಿಸಿದೆ. ತಾಮ್ರದ ಗುಂಡುಗಳು ಸಿಗುತ್ತವೆ, ಆದರೆ ಎಲ್ಲ ಹಳೆಯ ತೋಟಾಗಳಿಗೂ ಅವು ಸುಲಭವಾಗಿ ಸಿಗುವುದಿಲ್ಲ. ಜೀವಾಧಿಕರಣದ ಜೊತೆಗೆ ಅಜೀವಾಧಿಕರಣವನ್ನೂ ಹೇಳಿ, ವಸ್ತುವನ್ನು ನಿರ್ಮಿಸುವುದು, ಇಡುವುದು, ಕೂಡಿಸುವುದು, ಹೊರಬಿಡುವುದು ಎಂದು ಅದನ್ನು ವಿಂಗಡಿಸಿದ ಸೂತ್ರವನ್ನು ಓದುವಾಗ ಇದು ಎಂತಹ ಒಣ ವರ್ಗೀಕರಣವೆಂದು ಅನ್ನಿಸುವುದುಂಟು. ಕಾಂಡರಿನ ಹೊಟ್ಟೆಯಲ್ಲಿ ಸಿಕ್ಕ ಸೀಸದ ಚೂರಿಗೆ ಅದು ಒಣದಲ್ಲ.

ಎದುರುಪಕ್ಷದ ಅತ್ಯಂತ ಬಲವಾದ ವಾದ ಇನ್ನೂ ಉಳಿದಿದೆ. ಅಮೆರಿಕದ ಪೂರ್ವಭಾಗದಲ್ಲಿ ತೋಳಗಳನ್ನು ಮನುಷ್ಯರೇ ನಿರ್ಮೂಲ ಮಾಡಿದರು. ಜಿಂಕೆಗಳು ಮಿತಿಮೀರಿ ಬೆಳೆದು ಸಸಿಗಳನ್ನು ತಿಂದು ಕಾಡನ್ನು ಬರಿದುಮಾಡುತ್ತವೆ, ಕಠಿಣವಾದ ಚಳಿಗಾಲದಲ್ಲಿ ಹಸಿದು ಸಾಯುತ್ತವೆ. ಅದಲ್ಲದೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯ ಪ್ರಕಾರ ರೈಫಲ್ಲು ಮತ್ತು ತೋಟಾಗಳ ಮೇಲೆ ಶೇಕಡ 11ರ ತೆರಿಗೆಯಿದ್ದು, ಆ ಹಣ ವನ್ಯಜೀವಿಗಳ ಸಂರಕ್ಷಣೆಗೇ ಹೋಗುತ್ತದೆ. ಕೋವಿ ಕೊಳ್ಳುವವನು ಕಾಡನ್ನೂ ಕೊಂಡು ಉಳಿಸುತ್ತಾನೆಂದು ಅವರು ಹೇಳಿದರೆ ಅದು ಸುಳ್ಳಲ್ಲ. ಕಸಾಯಿಖಾನೆಯ ಮಾಂಸವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿಕೊಂಡು ತರುವವನಿಗಿಂತ ತಾನೇ ಬೇಟೆಯಾಡಿ ತಿನ್ನುವವನು ತನ್ನ ಕರ್ಮವನ್ನು ಕಣ್ಣಾರೆ ಕಂಡಿರುತ್ತಾನೆಂಬುದೂ ಒಪ್ಪತಕ್ಕ ಮಾತು. ಮಾಂಸಾಹಾರಿಯಾದ ನೆರೆಯವನನ್ನು ಈ ವಿಷಯದಲ್ಲಿ ಜೈನನು ಹಳಿಯಲು ಹೋಗಬಾರದು. ಆದರೆ ಈ ವಾದಗಳಾವುವೂ ಜೈನ ತರುಣನ ಕೈಗೆ ಕೋವಿಯನ್ನು ಕೊಡುವುದಿಲ್ಲ. ಅವನು ಮಾಂಸ ತಿನ್ನುವವನಲ್ಲ. ಜಿಂಕೆಗಳ ಸಂಖ್ಯೆಯನ್ನು ತಗ್ಗಿಸುವ ಅಧಿಕಾರಿಯೂ ಅಲ್ಲ. ಕಾಡಿಗೆ ಹಣ ಕೊಡಬೇಕೆನಿಸಿದರೆ ಶೇಕಡ 11ರ ಬದಲು ಪೂರ್ತಿ ನೂರನ್ನೇ ಕೊಡುವ ದಾರಿ ಅವನಿಗೆ ತೆರೆದಿದೆ.

ಶಸ್ತ್ರವನ್ನು ಜೈನ ಗೃಹಸ್ಥನು ಎಂದೂ ಮುಟ್ಟಬಾರದೆಂದು ಹೇಳಿದರೂ ಅದು ಇತಿಹಾಸಕ್ಕೆ ವಿರುದ್ಧ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ. ಆಕ್ರಮಣವನ್ನು ತಡೆಯುವಾಗ ಒದಗುವ ವಿರೋಧೀ ಹಿಂಸೆಯನ್ನು ಗೃಹಸ್ಥನ ಮಟ್ಟಿಗೆ ಶಾಸ್ತ್ರ ಅನಿವಾರ್ಯವೆಂದು ಕಂಡಿತು. ಸಂಕಲ್ಪೀ ಹಿಂಸೆಯನ್ನು ಮಾತ್ರ ಯಾವ ಶ್ರಾವಕನಿಗೂ ಬಿಟ್ಟುಕೊಡಲಿಲ್ಲ. ಊರಿನ ಬಾಗಿಲಲ್ಲಿ ನರಭಕ್ಷಕ ನಿಂತಾಗ ರೈಫಲ್ ಹಿಡಿದವನ ಸ್ಥಿತಿ ಮೊದಲನೆಯದಕ್ಕೆ ಸೇರಬಹುದು. ಮುಂದಿನ ನವೆಂಬರಿಗೆಂದು ಈಗಲೇ ಅಂಗಡಿಯಲ್ಲಿ ನಿಂತು ನಳಿಗೆಯ ಉದ್ದವನ್ನು ಅಳೆಯುವವನದು ಎರಡನೆಯದು. ಅವನಿಗೆ ಯಾರೂ ಆಕ್ರಮಣ ಮಾಡಿಲ್ಲ. ಅವನು ನಿಂತಿರುವುದು ಸಮಾರಂಭದ ಮೆಟ್ಟಿಲಲ್ಲಿ. ಕೆಳಗಿಳಿಯಲು ಇನ್ನೂ ಅವಕಾಶವಿರುವ ಮೆಟ್ಟಿಲು ಅದು.

ಕರ್ನಾಟಕದಲ್ಲಿ ಈ ವಿಚಾರ ಇನ್ನೊಂದು ರೂಪದಲ್ಲಿ ಮನೆಯೊಳಗೇ ಇದೆ. ಮಲೆನಾಡಿನ ತೋಟದ ಮನೆಗಳ ಗೋಡೆಗಳಲ್ಲಿ, ಬೀರುಗಳಲ್ಲಿ ಹಿರಿಯರ ಕಾಲದ ಕೋವಿಗಳಿವೆ. .303 ಸೈನ್ಯದ ಗಾತ್ರವೆಂದು ಸಾರ್ವಜನಿಕರಿಗೆ ನಿಷಿದ್ಧವಾದ್ದರಿಂದ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ .315 ರೈಫಲ್ಲುಗಳೂ ಅವುಗಳಲ್ಲಿ ಉಂಟು. ಅವುಗಳಿಂದ ಇಂದು ಯಾರೂ ಬೇಟೆಯಾಡುವುದಿಲ್ಲ. ಪರವಾನಗಿ ಪಡೆದಿದ್ದವರು ತೀರಿಕೊಂಡ ಮೇಲೆ 1959ರ ಶಸ್ತ್ರ ಕಾಯಿದೆಯಂತೆ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಪಡೆಯಬೇಕು, ಇಲ್ಲವೇ ಕೋವಿಯನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿಯುಳ್ಳ ವ್ಯಾಪಾರಿಯ ಬಳಿಯೋ ಒಪ್ಪಿಸಬೇಕು. 2019ರ ತಿದ್ದುಪಡಿಯ ನಂತರ ಒಬ್ಬರು ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಹೀಗಾಗಿ ಹಲವು ಕುಟುಂಬಗಳು ಮಾರುವ ಯೋಚನೆ ಮಾಡುತ್ತವೆ.

ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸಾದಾನವನ್ನೂ ಸೇರಿಸಿದ್ದಾರೆ. ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಆಯುಧ, ಸಂಕೋಲೆ ಮೊದಲಾದ ಹಿಂಸೋಪಕರಣಗಳನ್ನು ಇನ್ನೊಬ್ಬರಿಗೆ ಕೊಡುವುದು ಅದರ ಲಕ್ಷಣ. ದಾನವೆಂದರೆ ಬೆಲೆಯಿಲ್ಲದೆ ಕೊಡುವುದು, ಮಾರುವುದು ದಾನವಲ್ಲವಲ್ಲ ಎಂದು ವ್ಯಾಕರಣದ ಆಸರೆ ಹಿಡಿಯುವ ಜಾಣರಿದ್ದಾರೆ. ಉಚಿತವಾಗಿ ಕೊಟ್ಟರೆ ದೋಷ, ಲಾಭಕ್ಕೆ ಕೊಟ್ಟರೆ ನಿರ್ದೋಷವೆಂಬ ವ್ಯಾಖ್ಯಾನವನ್ನು ಯಾವ ಆಚಾರ್ಯರೂ ಮಾಡಿಲ್ಲ. ಕಾಡುಹಂದಿಯ ಕಾಟದಿಂದ ಬೆಳೆ ಉಳಿಸಿಕೊಳ್ಳುವ ಒಕ್ಕಲಿಗನಿಗೆ ಕೊಡುವುದು ಬೇರೆಯಲ್ಲವೇ ಎಂಬ ಪ್ರಶ್ನೆ ಮಾತ್ರ ಅಷ್ಟು ಸುಲಭದ್ದಲ್ಲ; ಆದರೆ ಕೈಬದಲಾದ ಕೋವಿ ಆ ಒಕ್ಕಲಿಗನ ಕೈಯಲ್ಲಿಯೇ ಉಳಿಯುವುದೆಂದು ಮಾರಿದವನು ಹೊಣೆಹೊರಲಾರನು. ಇರುವುದರಲ್ಲಿ ನೇರವಾದ ದಾರಿ, ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸಿ ರಸೀತಿ ಪಡೆದು ಹಕ್ಕು ಬಿಟ್ಟುಕೊಡುವುದು. ಅದರಿಂದ ಕಾಸು ಬರುವುದಿಲ್ಲ. ಮಾರಿ ಬಂದ ಮೊತ್ತವನ್ನು ಬಸದಿಯ ಜೀರ್ಣೋದ್ಧಾರಕ್ಕೆ ಕೊಡುತ್ತೇವೆಂದು ಯಾವುದಾದರೂ ಕುಟುಂಬ ಮುಂದೆ ಬಂದರೆ, ಟ್ರಸ್ಟಿನವರು ರಸೀತಿ ಬರೆಯುವ ಮೊದಲು ಆ ಹಣದ ಮೂಲವನ್ನು ವಿಚಾರಿಸುವುದು ಒಳ್ಳೆಯದು. ಸಾಗಾರಧರ್ಮಾಮೃತದಲ್ಲಿ ಪಂಡಿತ ಆಶಾಧರರು ಶ್ರಾವಕನ ಗುಣಗಳನ್ನು ಎಣಿಸುವಾಗ ಮೊದಲನೆಯದಾಗಿ ಇಟ್ಟದ್ದು ನ್ಯಾಯದಿಂದ ಗಳಿಸಿದ ಧನವನ್ನೇ.